ಕೇಬಲ್ ಕೋಣೆಯ ನಿಧಾನದ ಸರ್ವರ್

ನಮ್ಮ ಮನೆಯ ಇಂಟರ್ನೆಟ್ಟಿಗೆ ಯಾವ ಡಿಎನ್‌ಎಸ್ ಸರ್ವರ್ ಚುರುಕು ಎಂದು ನಾನು ಒಂದು ಆಷಾಢವಿಡೀ ಪರೀಕ್ಷೆ ಮಾಡಿದೆ ಎಂದರೆ ನಗುವವರು ನಗಲಿ. ಕುಂಭಾಶಿಯಲ್ಲಿ ಹೆದ್ದಾರಿಯಿಂದ ಕೆಳಗಿಳಿದರೆ ಸಿಗುವ ಹಂಚಿನ ಮನೆಯಲ್ಲಿ ಒಬ್ಬನೇ ಇದ್ದೆ. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಉತ್ತರಕ್ರಿಯೆಯ ಕಾಗದ ಇವನ್ನೆಲ್ಲ ಕಂಪ್ಯೂಟರಿನಲ್ಲಿ ಅಂದ ಮಾಡಿ ಬ್ರಹ್ಮಾವರದ ಪ್ರೆಸ್ಸಿಗೆ ಕಳಿಸುವುದು ನನ್ನ ಕೆಲಸ. ಆಷಾಢದಲ್ಲಿ ಯಾರೂ ಮದುವೆಯಾಗುವುದಿಲ್ಲ. ಸಾಯುವವರು ಸಾಯುತ್ತಾರೆ, ಆದರೆ ಆ ಕಾಗದದಲ್ಲಿ ಅಂದ ಮಾಡುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ಹೆಂಡತಿ ಹೋದ ಮೇಲಿನ ಎರಡನೆಯ ಮಳೆಗಾಲ ಅದು. ಹೇಗಾದರೂ ಹೊತ್ತು ಕಳೆಯಬೇಕಿತ್ತು.

ನಗುವವರಿಗೆ ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ಆ ಪರೀಕ್ಷೆಯಲ್ಲಿ ಗೆದ್ದ ಸರ್ವರನ್ನು ಮನೆಗೆ ತಂದುಕೊಂಡ ಮೇಲೆ ನಾನು ಹೆಂಡತಿಯ ದನಿಯನ್ನು ಕಳೆದುಕೊಂಡೆ. ಅವಳ ಸೀರೆ, ಪಾತ್ರೆ, ಕನ್ನಡಕ ಎಲ್ಲ ಮನೆಯಲ್ಲೇ ಇದ್ದವು. ನನಗೆ ಬೇಕಾಗಿದ್ದದ್ದು ದನಿ.

ನಮ್ಮ ಮದುವೆಯಾದದ್ದು ತೊಂಬತ್ತೇಳರಲ್ಲಿ. ಅವಳು ಬೈಂದೂರು ಕಡೆಯವಳು. ಅವಳಪ್ಪನದು ಮೀನಿನ ವ್ಯಾಪಾರ. ಮನೆ ತುಂಬ ಜನ, ಅಂಗಳದ ಆಚೆಗೆ ಕಡಲು. ಅಲೆಯ ಸದ್ದಿನ ಮೇಲೆ ಕೇಳಿಸುವ ಹಾಗೆ ಮಾತಾಡಿ ಬೆಳೆದ ಗಂಟಲು ಅವಳದು. ನಮ್ಮದೂ ಮೀನಿನ ಮನೆಯೇ, ಆದರೆ ನನ್ನ ಅಪ್ಪ ಕಡಲು ಬಿಟ್ಟು ದೇವಸ್ಥಾನದ ಎದುರು ಹಣ್ಣುಕಾಯಿ ಅಂಗಡಿ ಇಟ್ಟವರು. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲರದೂ ಮೆಲುದನಿ. ಅವಳು ಬಂದ ವಾರದಲ್ಲೇ ಪಕ್ಕದ ಮೂರು ಮನೆಯವರಿಗೆ ನಮ್ಮ ಮನೆಯಲ್ಲಿ ಏನು ಪದಾರ್ಥ, ಯಾರಿಗೆ ಬೈಗುಳ ಎಂಬುದೆಲ್ಲ ತಿಳಿಯತೊಡಗಿತು. ನಮಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಊರಿನವರು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದಾರೆ, ನಾನು ಹೊಸದಾಗಿ ಸೇರಿಸುವುದೇನಿಲ್ಲ.

ಆ ಗಂಟಲಿಗೆ ಕೆಲಸ ಕೊಟ್ಟವನು ಕುಂದಾಪುರದ ಕೇಬಲ್‌ನವನು. ಛತ್ರಿ ರಿಪೇರಿ ಅಂಗಡಿಯೊಂದರ ಮಾಳಿಗೆಯಲ್ಲಿ ಅವನದೊಂದು ಕೋಣೆ. ಊರಿಗೆಲ್ಲ ಟಿವಿ ಚಾನೆಲ್ಲು ಹಂಚುತ್ತಿದ್ದದ್ದು ಅಲ್ಲಿಂದಲೇ. ಜೊತೆಗೆ ಸಂಜೆ ಸ್ವಲ್ಪ ಹೊತ್ತು ತನ್ನದೇ ಊರ ಸುದ್ದಿ ಬಿಡುತ್ತಿದ್ದ. ಹಿಂದೆ ನೀಲಿ ಬಟ್ಟೆ, ಎದುರಿಗೆ ಪ್ಲಾಸ್ಟಿಕ್ ಹೂವಿನ ಕುಂಡ, ನಡುವೆ ನನ್ನ ಹೆಂಡತಿ. ನಾಳೆ ಎಲ್ಲೆಲ್ಲಿ ಕರೆಂಟಿಲ್ಲ, ಸಾಲಿಗ್ರಾಮದಲ್ಲಿ ಯಾವ ಮೇಳದ ಯಕ್ಷಗಾನದಾಟ, ಹಂಗಾರಕಟ್ಟೆಯಲ್ಲಿ ಯಾರ ದೋಣಿ ನೀರಿಗಿಳಿಯಿತು, ಯಾರ ಎಮ್ಮೆ ಕಾಣೆಯಾಗಿದೆ, ಯಾರು ತೀರಿಕೊಂಡರು ಎಂಬುದನ್ನೆಲ್ಲ ಪುಸ್ತಕದ ಕನ್ನಡದಲ್ಲಿ ಓದುತ್ತಿದ್ದಳು. ‘ಸಾರ್ವಜನಿಕರು ಸಹಕರಿಸಬೇಕಾಗಿ ವಿನಂತಿ’ ಎಂದು ಮುಗಿಸುವಾಗ ತಲೆ ಚೂರು ಬಾಗಿಸುತ್ತಿದ್ದಳು. ಮನೆಯಲ್ಲಿ ಅದನ್ನು ಕಂಡು ನನಗೆ ತಡೆಯಲಾರದ ನಗು.

“ಟಿವಿಯಗೆ ಊರಿಗೆಲ್ಲ ವಿನಂತಿ. ಮನಿಯಗೆ ನಂಗ್ ಒಂದ್ ದಿನಾರೂ ವಿನಂತಿ ಮಾಡಿದ್ದ್ ಇತ್ತಾ?” ಎಂದು ಕೆಣಕುತ್ತಿದ್ದೆ.

“ವಿನಂತಿ ಮಾಡ್ರೆ ನೀವ್ ಕೇಂತ್ರ್ಯಾ? ಬೈದ್ರೆ ಮಾತ್ರ ಕೇಂಬ್ದ್ ನೀವ್” ಎನ್ನುತ್ತಿದ್ದಳು.

ಒಂದು ಸಂಜೆಯ ವಿಷಯ ಇಲ್ಲಿ ಹೇಳಲೇಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಶಾಲೆಯೊಂದರಲ್ಲಿ ರಕ್ತದಾನ ಶಿಬಿರ ನಡೆದಿತ್ತು. ನಾನು ಮೊದಲೇ ಒಣ ಕಡ್ಡಿ. ಹೇಳಿದರೆ ಬಿಡುವುದಿಲ್ಲವೆಂದು ಅವಳಿಗೆ ತಿಳಿಸದೆ ಹೋಗಿ ರಕ್ತ ಕೊಟ್ಟು ಬಂದಿದ್ದೆ. ರಕ್ತ ಕೊಟ್ಟವರ ಹೆಸರುಗಳನ್ನು ಶಿಬಿರದವರು ಕೇಬಲ್ ಕೋಣೆಗೆ ಕಳಿಸುತ್ತಾರೆಂದು ನನಗೇನು ಗೊತ್ತು? ಅವಳು ಸರಸರ ಓದುತ್ತಾ ಬಂದಳು. ನಡುವೆ ಒಂದು ಕಡೆ ಗಕ್ಕನೆ ನಿಂತಳು. ಕಣ್ಣು ಕಾಗದದ ಮೇಲೆಯೇ ಇದೆ, ಬಾಯಿ ಅರ್ಧ ತೆರೆದಿದೆ, ಮಾತಿಲ್ಲ. ಅವಳ ತವರಿನ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳುವವರಲ್ಲ. ಮನೆಯಲ್ಲಿ ನನ್ನನ್ನು ಕರೆಯುವುದೂ ‘ಹ್ವಾಯ್’ ಎಂದೇ. ಇದು ಇಡೀ ತಾಲೂಕು ಕೇಳುವ ಸುದ್ದಿ. ಕೊನೆಗೆ ಉಸಿರು ತೆಗೆದುಕೊಂಡು ‘ಮತ್ತೆ, ನಮ್ಮನೆಯವರು’ ಎಂದು ಹೇಳಿ, ಬಂದ ನಗುವನ್ನು ನುಂಗಿ, ಮುಂದಿನ ಹೆಸರಿಗೆ ಹಾರಿದಳು. ರೆಕಾರ್ಡ್ ಮಾಡಿದ ಕೇಬಲ್‌ನವನು ಅದನ್ನು ತಿದ್ದಿಸಬಹುದಿತ್ತು. ಸೋಮಾರಿತನವೋ ಕಿಡಿಗೇಡಿತನವೋ, ಹಾಗೆಯೇ ಬಿಟ್ಟ.

ಅವತ್ತು ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು. “ಹ್ವಾಯ್, ಹೇಳ್ದೆ ಕೇಳ್ದೆ ರಕ್ತ ಕೊಟ್ಟ್ ಬಂದ್ರ್ಯಾ?”

“ಅದಿರ್ಲಿ, ನನ್ನ್ ಹೆಸ್ರ್ ಹೇಳ್ರೆ ನಿನ್ನ್ ಗಂಟ್ ಎಂತ ಹೋತಿತ್ತ್?”

“ಹೆಸ್ರ್ ಹೇಳ್ರೆ ಗಂಡನ್ ಆಯಸ್ಸ್ ಕಮ್ಮಿ ಆತ್ತ್ ಅಂಬ್ರ್. ರಕ್ತ ಅಂತೂ ಕೊಟ್ಟ್ ಬಂದಿರಿ, ಇನ್ನ್ ಆಯಸ್ಸೂ ಹೋಪುದ್ ಬ್ಯಾಡ” ಎಂದು ಒಳಗೆ ಹೋದಳು. ಆ ರಾತ್ರಿ ನನ್ನ ಬಟ್ಟಲಿಗೆ ಎರಡು ಮೀನು ಹೆಚ್ಚು ಬಿದ್ದವು.

ಅಂದಿನಿಂದ ಊರಿನಲ್ಲಿ ನನ್ನ ಹೆಸರೇ ಬದಲಾಯಿತು. ಬಸ್ಸಿನಲ್ಲಿ, ಮೀನು ಮಾರ್ಕೆಟ್ಟಿನಲ್ಲಿ, ಕ್ಷೌರದ ಅಂಗಡಿಯಲ್ಲಿ ಎಲ್ಲ ಕಡೆಯೂ “ಹ್ವಾಯ್ ನಮ್ಮನೆಯವ್ರೇ” ಎಂದು ಕೂಗುವವರೇ. ಮೊದಮೊದಲು ಸಿಟ್ಟು ಬರುತ್ತಿತ್ತು. ಕ್ರಮೇಣ ಅದಕ್ಕೇ ತಿರುಗಿ ನೋಡುವುದು ರೂಢಿಯಾಯಿತು. ಅವಳು ತೀರಿಕೊಂಡ ಮೇಲೆ ಒಬ್ಬರೂ ಹಾಗೆ ಕರೆಯಲಿಲ್ಲ. ಜನ ಒಳ್ಳೆಯವರು, ನನಗೆ ನೋವಾದೀತೆಂದು ಬಿಟ್ಟರು. ಕರೆಯದೆ ಇದ್ದದ್ದರಿಂದ ಎಷ್ಟು ನೋವಾಯಿತೆಂದು ಅವರಿಗೆ ಹೇಳುವುದು ಹೇಗೆ?

ಅವಳ ಕಾಯಿಲೆಯ ವಿಷಯ ಬರೆಯುವ ಮನಸ್ಸಿಲ್ಲ. ಮಣಿಪಾಲಕ್ಕೆ ಹೋಗಿ ಬರುವುದು ಒಂದು ವರ್ಷ ನಡೆಯಿತು. ಕೊನೆಯ ದಿನಗಳಲ್ಲಿ ಆ ದೊಡ್ಡ ಗಂಟಲು ಪಿಸುಮಾತಿಗೆ ಇಳಿದಿತ್ತು. ‘ಹ್ವಾಯ್’ ಎನ್ನುವುದಕ್ಕೆ ಬದಲು ಮಂಚದ ಪಟ್ಟಿಗೆ ಬಳೆ ತಾಗಿಸುತ್ತಿದ್ದಳು.

ಅವಳು ಹೋದ ವರ್ಷವೇ ಕೇಬಲ್‌ನವನು ಟಿವಿಯ ಜೊತೆಗೆ ಇಂಟರ್ನೆಟ್ಟನ್ನೂ ಕೊಡತೊಡಗಿದ. ನನ್ನ ಕೆಲಸಕ್ಕೆ ಅದು ಬೇಕಿತ್ತು, ಹಾಕಿಸಿಕೊಂಡೆ. ಅವನು ಇನ್ನೂ ಒಂದು ಕೆಲಸ ಮಾಡಿದ್ದ. ಹಳೆಯ ಊರ ಸುದ್ದಿಗಳನ್ನೆಲ್ಲ ತನ್ನ ಕೋಣೆಯ ಕಂಪ್ಯೂಟರಿಗೆ ತುಂಬಿಸಿ, ತನ್ನ ಗಿರಾಕಿಗಳಿಗೆ ಮಾತ್ರ ಕಾಣುವಂಥ ಒಂದು ಪುಟ ಮಾಡಿದ್ದ. ಅದಕ್ಕೊಂದು ಸಣ್ಣ ಹೆಸರು. ಆ ಹೆಸರು ಟೈಪ್ ಮಾಡಿದರೆ ಸಾಕು, ನೀಲಿ ಬಟ್ಟೆಯ ಎದುರು ಅವಳು. ಮೊದಲ ಸಲ ಅದು ಕಂಡಾಗ ಪೂರ್ತಿ ನೋಡಲಾಗದೆ ಎದ್ದು ಹಿತ್ತಲಿಗೆ ಹೋಗಿ ನಿಂತಿದ್ದೆ. ಆಮೇಲೆ ದಿನಾ ಸಂಜೆ ಚಾ ಮಾಡಿಕೊಂಡು ಬಂದು ಒಂದು ಸುದ್ದಿ ಕೇಳುವುದು ಅಭ್ಯಾಸವಾಯಿತು. ಎಷ್ಟೋ ವರ್ಷದ ಹಿಂದೆ ಕಳೆದುಹೋದ ಎಮ್ಮೆಯ ಗುರುತುಗಳು ಇವತ್ತಿಗೂ ನನಗೆ ಬಾಯಿಪಾಠ. ವಾರದ ಕೊನೆಗೆ ಮಾತ್ರ ರಕ್ತದಾನದ ಸುದ್ದಿ. ಅದನ್ನು ದಿನಾ ಕೇಳಿ ಸವೆಸಬಾರದೆಂದು ನನಗೆ ನಾನೇ ಮಾಡಿಕೊಂಡ ಕಟ್ಟಳೆ ಅದು.

ಅದರ ಒಂದು ನಕಲನ್ನು ಅವನಿಂದ ಕೇಳಿ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಕೇಳಿದ್ದರೆ ಅವನು ಖಂಡಿತ ಕೊಡುತ್ತಿದ್ದ. ಆದರೆ ಅದು ಆ ಕೋಣೆಯಿಂದ ಬರುತ್ತಿದೆ, ಅವಳು ಎಂದಿನಂತೆ ಸಂಜೆ ಕೆಲಸಕ್ಕೆ ಹೋಗಿದ್ದಾಳೆ ಎನ್ನುವ ಹಾಗೆ ಇತ್ತು ನನಗೆ. ಅವಳನ್ನು ತಂದು ನನ್ನ ಕಂಪ್ಯೂಟರಿನ ಒಂದು ಮೂಲೆಯಲ್ಲಿ ಇಟ್ಟುಕೊಂಡರೆ, ಕೆಲಸದಿಂದ ಬಿಡಿಸಿದಂತೆ ಆದೀತು ಎಂಬ ಹುಚ್ಚು ಯೋಚನೆ. ಒಬ್ಬನೇ ಇರುವವನಿಗೆ ಇಂಥ ಯೋಚನೆಗಳಿಗೆ ಬರವಿಲ್ಲ.

ಇನ್ನು ಡಿಎನ್‌ಎಸ್ ವಿಷಯ. ನಮ್ಮ ಇಂಟರ್ನೆಟ್ ನಿಧಾನವಾಗಿತ್ತು. ವಿಚಿತ್ರವೆಂದರೆ, ಒಂದು ಪುಟ ತೆರೆಯಲು ಶುರುವಾದ ಮೇಲೆ ಬೇಗನೆ ಬರುತ್ತಿತ್ತು. ಆದರೆ ಶುರುವಾಗುವುದಕ್ಕೇ ಯುಗ ಬೇಕಿತ್ತು. ಬ್ರಹ್ಮಾವರದ ಪ್ರೆಸ್ಸಿನ ಯಜಮಾನರ ಹತ್ತಿರ ಇದನ್ನು ಹೇಳಿ ಗೊಣಗಿದೆ. ಅವರಿಗೂ ಇದೇ ಪಾಡಾಗಿತ್ತಂತೆ. “ಲೈನ್ ಸಮ ಇತ್ತ್ ಮರ್ರೆ. ನಿಮ್ಮ್ ಡಿಎನ್‌ಎಸ್ಸೇ ನಿಧಾನ. ಅದನ್ನ್ ಬದ್ಲ್ ಮಾಡಿ ಕಾಣಿ” ಎಂದರು.

ನಾನು ಓದಿ ತಿಳಿದುಕೊಂಡದ್ದು ಇಷ್ಟು. ಕುಂಭಾಶಿಯಲ್ಲಿ ಬಸ್ಸಿಳಿದು ಯಾರ ಮನೆಗಾದರೂ ಹೋಗಬೇಕಾದರೆ ಬಾಗಿಲ ನಂಬರ್ ಹೇಳಿ ಪ್ರಯೋಜನವಿಲ್ಲ. ಸ್ಟಾಪಿನ ಗೂಡಂಗಡಿಯವನ ಹತ್ತಿರ ಮನೆಯ ಹೆಸರು ಹೇಳಬೇಕು, ಅವನು ದಾರಿ ಹೇಳಬೇಕು. ಕಂಪ್ಯೂಟರಿನದೂ ಇದೇ ಕಥೆ. ನಾವು ಟೈಪ್ ಮಾಡುವುದು ಹೆಸರು. ಹೋಗಿ ಮುಟ್ಟಬೇಕಾದದ್ದು ಅಂಕಿಗಳ ವಿಳಾಸ. ಹೆಸರು ಕೇಳಿ ವಿಳಾಸ ಹೇಳುವ ಗೂಡಂಗಡಿಯವನೇ ಡಿಎನ್‌ಎಸ್ ಸರ್ವರ್. ನಮ್ಮ ಕೇಬಲ್ ಕೋಣೆಯ ಸರ್ವರ್ ಎಂದರೆ ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡ ಗೂಡಂಗಡಿಯವನು. ಕೇಳಿದ ಮೇಲೆ ಎದ್ದು, ಉಗಿದು, ಬಾಯಿ ಒರೆಸಿ, ಆಮೇಲೆ ಹೇಳುವ ಜಾತಿ. ಅವನನ್ನೇ ಕೇಳಬೇಕೆಂಬ ಕಡ್ಡಾಯವೇನೂ ಇಲ್ಲ. ಲೋಕದಲ್ಲಿ ಯಾರು ಬೇಕಾದರೂ ಪುಕ್ಕಟೆ ಕೇಳಬಹುದಾದ ದೊಡ್ಡ ದೊಡ್ಡ ಸರ್ವರುಗಳಿವೆ. ರೂಟರಿನಲ್ಲಿ ಅವುಗಳ ಅಂಕಿ ಹಾಕಿದರೆ ಮುಗಿಯಿತು.

ಇಷ್ಟು ತಿಳಿದ ಮೇಲೆ ನನ್ನ ತಲೆಗೆ ಹುಳ ಹೊಕ್ಕಿತು. ಸರ್ವರುಗಳನ್ನು ಹೋಲಿಸುವುದಕ್ಕೆಂದೇ ಒಂದು ಸಣ್ಣ ಪ್ರೋಗ್ರಾಮ್ ಸಿಕ್ಕಿತು. ನಾನು ದಿನಾ ನೋಡುವ ಪತ್ರಿಕೆ, ರೈಲು ಟಿಕೇಟು, ಇಮೇಲಿನ ಅಂಚೆಪೆಟ್ಟಿಗೆ ಇವುಗಳ ಹೆಸರುಗಳನ್ನು ಅದು ಒಂದೊಂದು ಸರ್ವರಿಗೂ ಕೇಳುತ್ತದೆ. ಯಾರು ಎಷ್ಟು ಬೇಗ ಹೇಳಿದರೆಂದು ಬಣ್ಣದ ಗೆರೆ ಎಳೆದು ತೋರಿಸುತ್ತದೆ. ಮನೆಯ ರೂಟರನ್ನು ಮುಟ್ಟದೆಯೇ ಪರೀಕ್ಷೆ ನಡೆಯುತ್ತದೆ. ಬೆಳಿಗ್ಗೆ ಒಮ್ಮೆ, ಊಟದ ಮೇಲೆ ಒಮ್ಮೆ, ಸಂಜೆ ಎಲ್ಲರೂ ಮನೆಗೆ ಬಂದು ಇಂಟರ್ನೆಟ್ಟಿಗೆ ಜೋತುಬಿದ್ದ ಹೊತ್ತಿನಲ್ಲಿ ಒಮ್ಮೆ ಓಡಿಸುತ್ತಿದ್ದೆ. ಕರೆಂಟ್ ಹೋದರೆ ಮತ್ತೆ ಮೊದಲಿಂದ.

ಒಂದು ಸರ್ವರ್ ಬೆಳಿಗ್ಗೆ ಗಾಳಿಯ ಹಾಗೆ, ಸಂಜೆಯಾದರೆ ಪತ್ತೆಯೇ ಇಲ್ಲ. ಒಂದು ಕೆಟ್ಟ ಪುಟಗಳನ್ನು ತಡೆಯುತ್ತೇನೆಂದು ಹೇಳಿಕೊಳ್ಳುತ್ತಿತ್ತು. ಆದರೆ ನಾವು ಹೆಸರನ್ನು ತಪ್ಪಾಗಿ ಟೈಪ್ ಮಾಡಿದರೆ ಗೊತ್ತಿಲ್ಲ ಎನ್ನದೆ ತನ್ನದೇ ಜಾಹೀರಾತಿನ ಪುಟಕ್ಕೆ ಕರೆದೊಯ್ಯುತ್ತಿತ್ತು. ಇನ್ನೊಂದರ ಗೆರೆ ಎಲ್ಲಕ್ಕಿಂತ ಗಿಡ್ಡ. ಅದೇ ಆಗಲಿ ಎಂದುಕೊಂಡು ಕೆಲಸದ ಕಂಪ್ಯೂಟರಿಗೆ ಒಂದು ಗಂಟೆ ಹಾಕಿ ನೋಡಿದರೆ ವೀಡಿಯೋಗಳು ಕುಂಟತೊಡಗಿದವು. ಉತ್ತರವನ್ನೇನೋ ಬೇಗ ಹೇಳುತ್ತದೆ, ಆದರೆ ವೀಡಿಯೋ ಇಟ್ಟಿರುವ ಹತ್ತಿರದ ಉಗ್ರಾಣ ಬಿಟ್ಟು ಎಲ್ಲೋ ದೂರದ ಉಗ್ರಾಣಕ್ಕೆ ಕಳಿಸುತ್ತದೆ. ಬೇಗ ದಾರಿ ಹೇಳಿದವನು ಹತ್ತಿರದ ದಾರಿ ಹೇಳಿದ ಎಂದು ಅರ್ಥವಲ್ಲ. ಹೀಗೆ ಒಂದೊಂದನ್ನೇ ತೆಗೆಯುತ್ತಾ ಹೋಗಿ ಕೊನೆಗೆ ಒಂದೇ ಅಂಕಿ ನಾಲ್ಕು ಸಲ ಬರುವ ವಿಳಾಸದ ಸರ್ವರಿಗೆ ಬಂದು ನಿಂತೆ. ಬೆಳಿಗ್ಗೆಯೂ ಸಂಜೆಯೂ ಒಂದೇ ಸಮ, ಕೇಳಿದ್ದಕ್ಕೆ ನೇರ ಉತ್ತರ. ಕೇಬಲ್ ಕೋಣೆಯದು ಎಲ್ಲ ಪರೀಕ್ಷೆಯಲ್ಲೂ ಕೊನೆ. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆಯನ್ನೂ ಹೇಳಿಕೊಂಡೆ. ಕೇಳುವವರಿರಲಿಲ್ಲ, ಆದರೂ ಜೋರಾಗಿಯೇ ಹೇಳಿದೆ.

ಗೆದ್ದ ಅಂಕಿಯನ್ನು ರೂಟರಿಗೆ ಹಾಕಿದ್ದು ಬೈಂದೂರಿಗೆ ಹೊರಟ ದಿನ ಬೆಳಿಗ್ಗೆ. ಅಲ್ಲಿ ತವರಿನವರು ಇಟ್ಟುಕೊಂಡ ಅವಳ ವರ್ಷದ ಕಾರ್ಯ. ಅದೇ ವಾರ ಕೇಬಲ್‌ನವನು ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ “ನಮ್ಮ್ ಡಿಸ್ಕ್ ತುಂಬಿ ಹೋಯ್ತ್ ಮರ್ರೆ. ಹಳೇದ್ ಚೂರ್ ಖಾಲಿ ಮಾಡ್ಕ್” ಎಂದಿದ್ದ. ಬಸ್ ಬಂದಿತ್ತು, ನಾನು ಹ್ಞೂಂ ಎಂದು ಹತ್ತಿದ್ದೆ.

ಬೈಂದೂರಿಗೆ ಹೋಗುವುದೆಂದರೆ ನನಗೆ ಭಯ. ಅಲ್ಲಿ ನನ್ನನ್ನು ಕಂಡರೆ ಎಲ್ಲರಿಗೂ ಪ್ರೀತಿ, ಅದಕ್ಕೇನೂ ಕೊರತೆಯಿಲ್ಲ. ಭಯ ಅವಳ ತಂಗಿಯದು. ತಂಗಿಯ ದನಿ ಅಕ್ಕನ ದನಿಗೆ ತುಂಬ ಹತ್ತಿರ. ಅಡುಗೆಮನೆಯಿಂದ “ಬಾವ, ಇವತ್ತ್ ಉಂಡ್ಕಂಡೇ ಹೋಪ್ದ್, ಆತಾ?” ಎಂದು ಕೂಗಿದಳು. ಅವಳೇ ಕರೆದಳೆಂದು ನಾನು ಎದ್ದು ನಿಂತುಬಿಟ್ಟಿದ್ದೆ. ಫೋನಿನಲ್ಲಿ ಅವಳು ಮಾತಾಡಿದರೂ ಹೀಗೆಯೇ. ಆ ಕಾರಣಕ್ಕೆ ನಾನು ಅವಳ ಫೋನು ಎತ್ತುವುದಿಲ್ಲ. ಬಾವನಿಗೆ ಜಂಬ ಎಂದು ಅವಳು ತಿಳಿದಿದ್ದಾಳೆ, ತಿಳಿಯಲಿ. ಅವಳ ದನಿ ಅಕ್ಕನ ದನಿಯ ಮೇಲೆ ಬಂದು ಕೂತು ಅದನ್ನು ಅಳಿಸಿಬಿಟ್ಟೀತು ಎಂಬ ಹೆದರಿಕೆ ನನಗೆ. ಉಂಡೆ, ಬಡಿಸಿದ್ದನ್ನೆಲ್ಲ ಉಂಡೆ. ಮರುದಿನ ಮಧ್ಯಾಹ್ನದ ಬಸ್ಸಿಗೆ ಹೊರಟು ಬಂದೆ. ದಾರಿಯುದ್ದಕ್ಕೂ ಸಂಜೆ ಕೇಳಬೇಕಾದ ಸುದ್ದಿಯನ್ನೇ ನೆನೆಸುತ್ತಿದ್ದೆ. ವಾರದ ಕೊನೆಯಲ್ಲ, ಆದರೂ ಇವತ್ತು ರಕ್ತದಾನದ್ದೇ ಕೇಳುವುದು ಎಂದು ಕಟ್ಟಳೆ ಮುರಿದಿದ್ದೆ.

ಚಾ ಮಾಡಿಕೊಂಡು ಬಂದು ಹೆಸರು ಟೈಪ್ ಮಾಡಿದೆ. ಈ ಪುಟ ಸಿಗಲಿಲ್ಲ ಎಂದು ಬಂತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಂತು. ಅಷ್ಟು ಚುರುಕು.

ಮತ್ತೆ ಟೈಪ್ ಮಾಡಿದೆ. ಕಂಪ್ಯೂಟರ್ ಆರಿಸಿ ಹಚ್ಚಿದೆ. ಪತ್ರಿಕೆ ಬಂತು, ಅಂಚೆಪೆಟ್ಟಿಗೆ ಬಂತು, ಲೋಕವೆಲ್ಲ ಬಂತು. ಅವಳು ಬರಲಿಲ್ಲ. ಬಸ್‌ಸ್ಟ್ಯಾಂಡಿನ ಮಾತು ಆಗ ನೆನಪಾಯಿತು. ಹಳೇದ್ ಚೂರ್ ಖಾಲಿ ಮಾಡ್ಕ್. ಅಷ್ಟು ವರ್ಷ ಅವನ ಕೋಣೆಯಲ್ಲಿ ಕೂತು ಓದಿದವಳನ್ನು ಒಂದು ಮಾತು ಕೇಳದೆ ಒರೆಸಿ ಹಾಕಿದನಲ್ಲ ಎಂದು ಮೈಯೆಲ್ಲ ಉರಿಯಿತು. ಚಾ ತಣ್ಣಗಾಗಿ ಕೆನೆ ಕಟ್ಟಿತು.

ಹೋಗಿ ಕೇಳಬೇಕಿತ್ತು. ಕೇಳಲಿಲ್ಲ. ನಮ್ಮ ಮನೆಯವರ ಸಿಟ್ಟಿನ ರೀತಿಯೇ ಬೇರೆ. ಸಿಟ್ಟು ಬಂದರೆ ನಾವು ಬೈಯುವುದಿಲ್ಲ, ಹೊಡೆಯುವುದಿಲ್ಲ, ಮಾತು ಬಿಡುತ್ತೇವೆ. ನನ್ನ ಅಪ್ಪ ಬೇಲಿಯ ವಿಷಯಕ್ಕೆ ಪಕ್ಕದ ಮನೆಯವರ ಜೊತೆ ಮಾತು ಬಿಟ್ಟವರು, ಆ ಬೇಲಿ ಗೆದ್ದಲು ತಿಂದು ಮಣ್ಣಾದ ಮೇಲೂ ಮಾತಾಡಲಿಲ್ಲ. ಮಾತು ಬಿಟ್ಟದ್ದು ಏಕೆಂದು ಎದುರಿನವನಿಗೆ ಹೇಳುವ ಕ್ರಮವೂ ನಮ್ಮಲ್ಲಿಲ್ಲ. ಅವನಿಗೇ ಗೊತ್ತಾಗಬೇಕು. ನಾನು ಛತ್ರಿ ರಿಪೇರಿ ಅಂಗಡಿಯ ರಸ್ತೆಯನ್ನೇ ಬಿಟ್ಟೆ. ಅವನು ಎದುರು ಸಿಕ್ಕಿದರೆ ಬಸ್ಸಿನ ಬೋರ್ಡ್ ಓದುತ್ತಾ ನಿಲ್ಲುತ್ತಿದ್ದೆ. ಅವನು ನಾಲ್ಕು ದಿನ ‘ಎಂತ ಮರ್ರೆ’ ಎಂದು ನೋಡಿ, ಆಮೇಲೆ ಅವನೂ ಸುಮ್ಮನಾದ.

ಇಂಟರ್ನೆಟ್ ಮಾತ್ರ ಹಾರುತ್ತಿತ್ತು. ಹಾಗೆ ಉಳಿಸಿದ ಹೊತ್ತನ್ನು ಏನು ಮಾಡುವುದೆಂದೇ ತಿಳಿಯಲಿಲ್ಲ. ಶ್ರಾವಣ ಕಳೆಯಿತು, ಚೌತಿ ಬಂತು, ಆನೆಗುಡ್ಡೆಯ ಗಣಪತಿ ದೇವಸ್ಥಾನಕ್ಕೆ ಹೋಗುವ ಜನ ನಮ್ಮ ಓಣಿಯ ಮೇಲೇ ಹೋದರು. ಸಂಜೆ ಚಾ ಲೋಟ ಹಿಡಿದು ಜಗಲಿಯಲ್ಲಿ ಕೂರುತ್ತಿದ್ದೆ. ಅವಳ ದನಿಯನ್ನು ನಾನೇ ನೆನಪಿನಿಂದ ಕರೆಯಲು ನೋಡುತ್ತಿದ್ದೆ. ‘ಸಹಕರಿಸಬೇಕಾಗಿ ವಿನಂತಿ’ ಎನ್ನುವುದು ಬರುತ್ತಿತ್ತು. ‘ಹ್ವಾಯ್’ ಬರುತ್ತಿರಲಿಲ್ಲ. ಬಂದರೆ ಅದು ತಂಗಿಯ ದನಿಯಾಗಿರುತ್ತಿತ್ತು. ಡಿಎನ್‌ಎಸ್ ಬಗ್ಗೆ ಓದುವಾಗ ಒಂದು ಸಂಗತಿ ತಿಳಿದಿತ್ತು: ಒಮ್ಮೆ ಕೇಳಿಕೊಂಡ ವಿಳಾಸವನ್ನು ಕಂಪ್ಯೂಟರು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುತ್ತದೆ, ಎಷ್ಟು ಕಾಲ ಎಂದು ಮೊದಲೇ ಹೇಳಿಕೊಟ್ಟಿರುತ್ತಾರೆ, ಅದು ಮುಗಿದರೆ ಮರೆತು ಮತ್ತೆ ಕೇಳುತ್ತದೆ. ನನಗೆ ಮತ್ತೆ ಕೇಳುವುದಕ್ಕೆ ಜಾಗವಿರಲಿಲ್ಲ. ಆ ತಿಂಗಳುಗಳಲ್ಲಿ ನಾನು ನಿಜವಾಗಿ ಒಂಟಿಯಾದೆ. ಅವಳು ಸತ್ತಾಗಲೂ ಅಷ್ಟು ಒಂಟಿಯಾಗಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಕೇಬಲ್‌ನವನು ನಮ್ಮ ಅಂಗಳಕ್ಕೇ ಬಂದ. ಕೈಯಲ್ಲೊಂದು ಮಡಿಸಿದ ಹಾಳೆ. ಮಗಳ ಮದುವೆ ಗೊತ್ತಾಗಿತ್ತು, ಕಾಗದ ಮಾಡಿಸಬೇಕಿತ್ತು. ಮದುವೆಯ ಕೆಲಸ ಹಿಡಿದು ಹೊಸಿಲಿಗೆ ಬಂದವರನ್ನು ಮಾತು ಬಿಟ್ಟಿದ್ದೇನೆಂದು ತಿರುಗಿಸಿ ಕಳಿಸುವ ಹಾಗಿಲ್ಲ. ಅಪ್ಪ ಬದುಕಿದ್ದರೂ ಕಳಿಸುತ್ತಿರಲಿಲ್ಲ. ಬೆಲ್ಲ ನೀರು ತಂದಿಟ್ಟೆ. ಮಾತಿಲ್ಲದೆ ಕಂಪ್ಯೂಟರ್ ಹಚ್ಚಿದೆ. ಅವನು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಹಾಳೆ ಬಿಡಿಸಿದ.

“ಅಕ್ಕ ಇದ್ದಿರೆ ಮದಿ ಸುದ್ದಿ ಅವ್ರೇ ಓದ್ತಿದ್ರ್. ಮೊನ್ನೆ ಕೋಣೆಯಗೆ ಕೂಕಂಡ್ ‘ನಮ್ಮನೆಯವರು’ ಅಂದದ್ದ್ ಮತ್ತೊಂದ್ ಸಲ ಹಾಕ್ಕಂಡ್ ಕೇಂಡೆ. ನಗಿಯೂ ಬಂತ್, ಕಣ್ಣಗೆ ನೀರೂ ಬಂತ್” ಎಂದ.

ನಾನು ಅವನ ಕಡೆ ತಿರುಗಿದೆ. “ಎಲ್ಲಿ ಕೇಂಡ್ರಿ? ಹಳೇದೆಲ್ಲ ಖಾಲಿ ಮಾಡಿರಲೆ?”

“ಹಳೇ ಸಿನಿಮಾ ತೆಗ್ದೆ ಮರ್ರೆ. ಅಕ್ಕ ಓದಿದ್ದನ್ನ್ ತೆಗೂಕ್ ನಂಗ್ ಎಂತ ಹುಚ್ಚಾ? ಪುಟ ಅಲ್ಲೇ ಇತ್ತಲೆ. ನೀವ್ ಕಾಂತಿಲ್ಯಾ?”

ಆ ಹೆಸರು ಟೈಪ್ ಮಾಡಿ ಅವನಿಗೆ ತೋರಿಸಿದೆ. ಈ ಪುಟ ಸಿಗಲಿಲ್ಲ. ಅವನು ಬಗ್ಗಿ ನೋಡಿ “ಇದೆಂತ, ನಮ್ಮ್ ಡಿಎನ್‌ಎಸ್ ತೆಗ್ದ್ರ್ಯಾ?” ಎಂದು ಕೇಳುವಷ್ಟರಲ್ಲಿ ನನಗೆ ಹೊಳೆದುಹೋಗಿತ್ತು. ಆ ಪುಟದ ಹೆಸರು ಕೇಬಲ್ ಕೋಣೆಯ ಸರ್ವರಿಗೆ ಮಾತ್ರ ಗೊತ್ತು. ಅದನ್ನು ಇಟ್ಟವನು ಅವನೇ, ಅವನ ತಂತಿಯ ಆಚೆಗೆ ಆ ಹೆಸರೇ ಇಲ್ಲ. ನಾನು ಹುಡುಕಿ, ಅಳೆದು, ತೂಗಿ ತಂದ ದೊಡ್ಡ ಸರ್ವರ್ ಲೋಕದ ಎಲ್ಲ ಹೆಸರನ್ನೂ ಬಲ್ಲದು. ಕುಂದಾಪುರದ ಮಾಳಿಗೆಯ ಕೋಣೆಯಲ್ಲಿ ಕೂತ ನನ್ನ ಹೆಂಡತಿಯನ್ನು ಮಾತ್ರ ಅರಿಯದು. ಗೂಡಂಗಡಿಯ ಉಪಮೆ ಕಟ್ಟಿಕೊಂಡು ಬೀಗಿದವನು ನಾನು. ನಮ್ಮ ಮನೆ ಎಲ್ಲಿ ಎಂದು ಮುಂಬಯಿಯ ಗೂಡಂಗಡಿಯಲ್ಲಿ ಕೇಳಿದರೆ ಏನು ಸಿಗುತ್ತದೆಂದು ಯೋಚಿಸಲಿಲ್ಲ.

“ನಮ್ಮ್ ಸರ್ವರ್ ಸಾವ್ಕಾಶ, ಹೌದ್” ಎಂದ ಅವನು, ಕೊಂಚ ನಾಚಿಕೊಂಡು. “ಹಳೇ ಕಂಪ್ಯೂಟರ್. ಬದ್ಲ್ ಮಾಡ್ಕ್. ಮಾಡ್ರೂ ಅಕ್ಕಂದ್ ತೆಗಿತಿಲ್ಲ, ಹೆದ್ರ್ಬ್ಯಾಡಿ. ಬೇಕಾರೆ ಪೆನ್‌ಡ್ರೈವಿಗೂ ಹಾಕ್ಕೊಡ್ತೆ.”

“ಹಾಕ್ಕೊಡಿ” ಎಂದೆ. ಕೆಲಸದಿಂದ ಬಿಡಿಸಿದಂತಾಗುತ್ತದೆ ಎಂಬ ಯೋಚನೆಯೆಲ್ಲ ಆ ತಿಂಗಳುಗಳಲ್ಲಿ ಕರಗಿಹೋಗಿತ್ತು. ನಾನು ಏಕೆ ಮಾತು ಬಿಟ್ಟಿದ್ದೆ ಎಂದು ಅವನು ಕೇಳಲಿಲ್ಲ. ಅವನಿಗೂ ಅಷ್ಟರಲ್ಲಿ ಗೊತ್ತಾಗಿರಬೇಕು. ಇಬ್ಬರೂ ಸೇರಿ ಅವನ ಮಗಳ ಮದುವೆ ಕಾಗದ ಮಾಡಿದೆವು. ಸುಖಾಗಮನ ಬಯಸುವವರ ಹೆಸರುಗಳಲ್ಲಿ ಯಾರನ್ನು ಮೇಲೆ ಹಾಕುವುದು, ಯಾರನ್ನು ಕೆಳಗೆ ಹಾಕಿದರೆ ಜಗಳವಾಗುತ್ತದೆ ಎಂದು ಮಧ್ಯಾಹ್ನದ ತನಕ ಚರ್ಚೆಯಾಯಿತು. ಗಂಜಿ ಊಟ ಮಾಡಿಯೇ ಹೊರಟ. ಓಣಿಯ ತಿರುವಿನಲ್ಲಿ ನಿಂತು ಹಿಂತಿರುಗಿ ಕೂಗಿದ:

“ಹ್ವಾಯ್ ನಮ್ಮನೆಯವ್ರೇ, ಮದಿಗೆ ಬರ್ಕ್ ಆತಾ?”

ಅವಳು ಹೋದ ಮೇಲೆ ಆ ಹೆಸರು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಹ್ಞೂಂ ಎಂದು ಕೈ ಎತ್ತಿದೆ.

ಸಂಜೆಯ ತನಕ ರೂಟರ್ ಮುಟ್ಟಲಿಲ್ಲ. ಚಾ ಮಾಡಿಕೊಂಡು ಬಂದೆ. ಒಂದೇ ಅಂಕಿ ನಾಲ್ಕು ಸಲ ಬರುವ ಆ ವಿಳಾಸವನ್ನು ಅಳಿಸಿ ಕೇಬಲ್ ಕೋಣೆಯದನ್ನು ಹಾಕಿದೆ. ಹೆಸರು ಟೈಪ್ ಮಾಡಿ ಕಾದೆ. ಅದು ಎಂದಿನ ಹಾಗೆ ಎದ್ದು, ಉಗಿದು, ಬಾಯಿ ಒರೆಸಿ, ತನ್ನ ಹೊತ್ತು ತೆಗೆದುಕೊಂಡಿತು. ಆಮೇಲೆ ನೀಲಿ ಬಟ್ಟೆ ಕಂಡಿತು, ಪ್ಲಾಸ್ಟಿಕ್ ಹೂವು ಕಂಡಿತು, ಅವಳು ಕಂಡಳು. ರಕ್ತ ಕೊಟ್ಟವರ ಹೆಸರುಗಳನ್ನು ಸರಸರ ಓದುತ್ತಾ ಬಂದು ನನ್ನ ಹೆಸರಿನ ಎದುರು ಗಕ್ಕನೆ ನಿಂತಳು.

ಅಷ್ಟು ಸಲ ಕೇಳಿದ್ದೆ, ಆದರೆ ಪ್ರತಿಸಲವೂ ಆ ಮೌನ ದಾಟಿ ‘ನಮ್ಮನೆಯವರು’ ಎಂಬ ಮಾತಿಗಾಗಿಯೇ ಕಾಯುತ್ತಿದ್ದೆ. ಅವತ್ತು ಮೌನವನ್ನೇ ಕೇಳಿದೆ. ಅವಳು ಅಲ್ಲಿ ನಿಂತದ್ದು ನಾಚಿಕೆಗಲ್ಲ, ನನ್ನ ಆಯಸ್ಸು ಕಮ್ಮಿಯಾಗದಿರಲಿ ಎಂದು. ಅವಳು ನಂಬಿದ ಹಾಗೆಯೇ ನಡೆಯಿತು, ಆಯಸ್ಸು ಉಳಿಯಿತು, ಅಷ್ಟೂ ನನಗೇ ಉಳಿಯಿತು. ಚಾ ಲೋಟ ಕೆಳಗಿಟ್ಟು, ಪರದೆಯ ಹತ್ತಿರ ಬಗ್ಗಿ, ಮದುವೆಯಾದಂದಿನಿಂದ ಒಮ್ಮೆಯೂ ಮಾಡದ ವಿನಂತಿಯನ್ನು ನಾನು ಮಾಡಿದೆ. ಹೆಸ್ರ್ ಹೇಳ್ ಮಾರಾಯ್ತಿ, ಒಂದೇ ಸಲ ಹೇಳ್ ಎಂದೆ. ಅವಳು ಉಸಿರು ತೆಗೆದುಕೊಂಡಳು. ‘ಮತ್ತೆ, ನಮ್ಮನೆಯವರು’ ಎಂದಳು.